ಮಕ್ಕಳ ಸಕ್ಕರೆ ಕಾಯಿಲೆ: ವಂಶದಿಂದ ಬಂದದ್ದೆಷ್ಟು, ನೆಲದಿಂದ ಬಂದದ್ದೆಷ್ಟು?

ನವೆಂಬರ್ 14 ಎಂದರೆ ನಮಗೆಲ್ಲ ಮಕ್ಕಳ ದಿನಾಚರಣೆ. ಶಾಲೆಗಳಲ್ಲಿ ಆಟೋಟ, ಹಾಡು, ಸಿಹಿತಿಂಡಿ. ಅದೇ ದಿನ ವಿಶ್ವ ಮಧುಮೇಹ ದಿನವೂ ಹೌದು ಎಂಬುದು ಅನೇಕರಿಗೆ ತಿಳಿದಿರುವುದಿಲ್ಲ. ಇನ್ಸುಲಿನ್ ಕಂಡುಹಿಡಿದವರಲ್ಲಿ ಒಬ್ಬರಾದ ಕೆನಡಾದ ವೈದ್ಯ ಫ್ರೆಡರಿಕ್ ಬ್ಯಾಂಟಿಂಗ್ ಹುಟ್ಟಿದ್ದು 1891ರ ನವೆಂಬರ್ 14ರಂದು. ಅವರ ನೆನಪಿಗಾಗಿ 1991ರಿಂದ ಈ ದಿನಾಚರಣೆ ನಡೆಯುತ್ತಿದೆ. ಎರಡೂ ಒಂದೇ ದಿನ ಬಂದದ್ದು ಆಕಸ್ಮಿಕ. ಆದರೂ ಮಕ್ಕಳಿಗೂ ಸಕ್ಕರೆ ಕಾಯಿಲೆ ಬರುತ್ತದೆ ಎಂದು ನೆನಪಿಸಿಕೊಳ್ಳಲು ಇದು ತಕ್ಕ ದಿನವೇ ಸರಿ.

ನಮ್ಮ ಕರಾವಳಿಯಲ್ಲಿ ಸಕ್ಕರೆ ಕಾಯಿಲೆಯ ಮಾತಿಲ್ಲದ ಮನೆ ಕಡಿಮೆ. ಅಜ್ಜನಿಗೆ ಮಾತ್ರೆ, ಅಜ್ಜಿಗೆ ಪಥ್ಯ, ಆರೋಗ್ಯ ಶಿಬಿರಗಳಲ್ಲಿ ಬೆರಳ ತುದಿಯ ರಕ್ತ ಪರೀಕ್ಷೆ, ಇವೆಲ್ಲ ನಮಗೆ ಹೊಸತಲ್ಲ. ಆದರೆ ಅದು ಹೆಚ್ಚಾಗಿ ಎರಡನೇ ಬಗೆಯ ಮಧುಮೇಹ, ಅಂದರೆ ಟೈಪ್ 2. ವಯಸ್ಸು, ತೂಕ, ಆಹಾರ, ವ್ಯಾಯಾಮದ ಕೊರತೆ ಇವುಗಳ ಜೊತೆ ಅದಕ್ಕೆ ನಂಟಿದೆ. ಮೊದಲನೇ ಬಗೆಯದು ಬೇರೆಯೇ ಕಾಯಿಲೆ. ಇದರಲ್ಲಿ ನಮ್ಮನ್ನು ರೋಗಾಣುಗಳಿಂದ ಕಾಪಾಡಬೇಕಾದ ರೋಗನಿರೋಧಕ ವ್ಯವಸ್ಥೆಯೇ ದಾರಿ ತಪ್ಪಿ, ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳನ್ನು ಕೊಲ್ಲುತ್ತದೆ. ಇನ್ಸುಲಿನ್ ಇಲ್ಲದೆ ಮಗು ಬದುಕುವುದಿಲ್ಲ. ಹೊರಗಿನಿಂದ ಚುಚ್ಚುಮದ್ದಿನ ಮೂಲಕ ಕೊಡಲೇಬೇಕು, ದಿನಕ್ಕೆ ಹಲವು ಬಾರಿ, ಜೀವಮಾನವಿಡೀ. 1922ರ ಜನವರಿಯಲ್ಲಿ ಟೊರಾಂಟೊದ ಆಸ್ಪತ್ರೆಯಲ್ಲಿ 14 ವರ್ಷದ ಹುಡುಗನೊಬ್ಬನಿಗೆ ಮೊದಲ ಬಾರಿ ಇನ್ಸುಲಿನ್ ಕೊಡುವವರೆಗೆ ಈ ಕಾಯಿಲೆ ಬಂದ ಮಕ್ಕಳು ತಿಂಗಳುಗಳಲ್ಲಿ, ಹೆಚ್ಚೆಂದರೆ ಒಂದೆರಡು ವರ್ಷಗಳಲ್ಲಿ ತೀರಿಕೊಳ್ಳುತ್ತಿದ್ದರು.

ಮಗುವಿಗೆ ಈ ಕಾಯಿಲೆ ಇದೆ ಎಂದು ವೈದ್ಯರು ಹೇಳಿದ ಮನೆಯಲ್ಲಿ ಮೊದಲು ಕೇಳಿಬರುವ ಮಾತು, ‘ನಮ್ಮ ಕುಟುಂಬದಲ್ಲಿ ಯಾರಿಗೂ ಇರಲಿಲ್ಲ’ ಎಂಬುದು. ಹೇಳುವವರು ಹೆಚ್ಚಾಗಿ ಅಪ್ಪನ ಕಡೆಯವರು, ಕೇಳಿಸಿಕೊಳ್ಳುವವಳು ತಾಯಿ. ಬಸುರಿಯಾಗಿದ್ದಾಗ ಏನು ತಿಂದಳು, ಮಗುವಿಗೆ ಎಷ್ಟು ಚಾಕಲೇಟು ಕೊಡಿಸಿದಳು ಎಂಬ ಲೆಕ್ಕಾಚಾರ ಶುರುವಾಗುತ್ತದೆ. ಇನ್ನೊಂದು ಕಡೆ, ‘ಇದು ಬಿಳಿಯರ ಕಾಯಿಲೆ, ನಮ್ಮವರಿಗೆ ಬರುವುದಿಲ್ಲ’ ಎಂಬ ಅರ್ಧ ಸತ್ಯವೂ ಚಾಲ್ತಿಯಲ್ಲಿದೆ. ಈ ಎರಡು ಮಾತುಗಳಲ್ಲಿ ನಿಜ ಎಷ್ಟು ಎಂದು ನೋಡಲು ನಾವು ಸ್ವಲ್ಪ ದೂರ ಹೋಗಬೇಕು, ಫಿನ್ಲೆಂಡಿಗೆ, ಇಟಲಿಯ ಒಂದು ದ್ವೀಪಕ್ಕೆ, ಜಪಾನಿಗೆ, ಆಫ್ರಿಕಕ್ಕೆ.

ಮುನ್ನೂರು ಪಟ್ಟು ಅಂತರ

ವಿಶ್ವ ಆರೋಗ್ಯ ಸಂಸ್ಥೆಯ ಯೋಜನೆಯೊಂದರಡಿ 1990ರಿಂದ 1994ರವರೆಗೆ ಜಗತ್ತಿನ ಅನೇಕ ದೇಶಗಳಲ್ಲಿ 14 ವರ್ಷದವರೆಗಿನ ಮಕ್ಕಳಲ್ಲಿ ಹೊಸದಾಗಿ ಪತ್ತೆಯಾದ ಟೈಪ್ 1 ಮಧುಮೇಹದ ಲೆಕ್ಕ ತೆಗೆಯಲಾಯಿತು. 2000ದಲ್ಲಿ ಪ್ರಕಟವಾದ ಆ ಅಂಕಿಅಂಶ ಕಂಡು ವೈದ್ಯರೇ ಬೆರಗಾದರು. ಇಟಲಿಗೆ ಸೇರಿದ ಸಾರ್ಡೀನಿಯ ದ್ವೀಪದಲ್ಲಿ ವರ್ಷಕ್ಕೆ ಒಂದು ಲಕ್ಷ ಮಕ್ಕಳಲ್ಲಿ 36.8 ಮಂದಿಗೆ, ಫಿನ್ಲೆಂಡಿನಲ್ಲಿ 36.5 ಮಂದಿಗೆ ಕಾಯಿಲೆ ಬರುತ್ತಿತ್ತು. ಚೀನಾದ ಕೆಲವು ಭಾಗಗಳಲ್ಲಿ ಮತ್ತು ವೆನೆಜುವೆಲಾದಲ್ಲಿ ಈ ಸಂಖ್ಯೆ 0.1. ಅಂದರೆ ಮುನ್ನೂರು ಪಟ್ಟಿಗೂ ಮೀರಿದ ಅಂತರ. ಸಾಂಕ್ರಾಮಿಕವಲ್ಲದ ಕಾಯಿಲೆಗಳಲ್ಲಿ ಇಷ್ಟು ದೊಡ್ಡ ವ್ಯತ್ಯಾಸ ಅಪರೂಪ.

ಕಾಯಿಲೆಯನ್ನೇ ಗುರುತಿಸದೆ ಮಕ್ಕಳು ಸಾಯುವ ಕಡೆ ಲೆಕ್ಕವೂ ಕಡಿಮೆಯೇ ಬರುತ್ತದೆ, ನಿಜ. ಅದನ್ನು ಬದಿಗಿಟ್ಟರೂ ಅಂತರ ಉಳಿಯುತ್ತದೆ. ಜಪಾನಿನಲ್ಲಿ ಆಸ್ಪತ್ರೆಗಳಿಗೆ ಕೊರತೆಯಿಲ್ಲ, ಶಾಲಾ ಮಕ್ಕಳ ಮೂತ್ರ ಪರೀಕ್ಷೆ ಕೂಡ ನಡೆಯುತ್ತದೆ. ಆದರೂ ಅಲ್ಲಿ ವರ್ಷಕ್ಕೆ ಲಕ್ಷಕ್ಕೆ ಸುಮಾರು ಎರಡೇ ಮಕ್ಕಳು.

ಹಾಗಾದರೆ ವ್ಯತ್ಯಾಸ ಇರುವುದು ಜನರ ವಂಶವಾಹಿಗಳಲ್ಲೋ, ಅವರು ಬದುಕುವ ನೆಲದಲ್ಲೋ?

ಆರನೇ ವರ್ಣತಂತಿನ ತಟ್ಟೆಗಳು

ಕಿಡ್ನಿ ಕಸಿ ಮಾಡುವ ಮೊದಲು ದಾನಿಯ ಮತ್ತು ರೋಗಿಯ ‘ಮ್ಯಾಚ್’ ನೋಡುತ್ತಾರೆ ಎಂದು ನಾವೆಲ್ಲ ಕೇಳಿದ್ದೇವೆ. ರಕ್ತದ ಗುಂಪಿನ ಜೊತೆ ಅಲ್ಲಿ ಹೋಲಿಸಿ ನೋಡುವುದು ಎಚ್‌ಎಲ್‌ಎ ಎಂಬ ಪ್ರೋಟೀನುಗಳನ್ನು. ಇವುಗಳ ವಂಶವಾಹಿಗಳು ನಮ್ಮ ಆರನೇ ವರ್ಣತಂತಿನ ಮೇಲೆ ಒಟ್ಟಾಗಿ ಕುಳಿತಿವೆ. ಟೈಪ್ 1 ಮಧುಮೇಹದಲ್ಲಿ ವಂಶಪಾರಂಪರ್ಯದ ಪಾಲು ಎಷ್ಟಿದೆಯೋ ಅದರಲ್ಲಿ ಸುಮಾರು ಅರ್ಧದಷ್ಟು ಈ ಒಂದು ಜಾಗದಿಂದಲೇ ಬರುತ್ತದೆ.

ಇದರ ಕೆಲಸವನ್ನು ಹೀಗೆ ತಿಳಿದುಕೊಳ್ಳಬಹುದು. ಎಚ್‌ಎಲ್‌ಎ ಪ್ರೋಟೀನು ಒಂದು ಪುಟ್ಟ ತಟ್ಟೆ ಇದ್ದಂತೆ. ದೇಹದ ಕೆಲವು ಕೋಶಗಳು ತಮಗೆ ಸಿಕ್ಕಿದ ಪ್ರೋಟೀನುಗಳನ್ನು ಚೂರು ಚೂರು ಮಾಡಿ ಈ ತಟ್ಟೆಯಲ್ಲಿಟ್ಟು ಟಿ ಕೋಶ ಎಂಬ ಕಾವಲುಗಾರರಿಗೆ ತೋರಿಸುತ್ತವೆ. ತಟ್ಟೆಯಲ್ಲಿರುವ ಚೂರು ಪರಕೀಯ, ಅಂದರೆ ವೈರಸ್ಸಿನದೋ ಬ್ಯಾಕ್ಟೀರಿಯದ್ದೋ ಆಗಿದ್ದರೆ ಕಾವಲುಗಾರ ದಾಳಿಗೆ ಹೊರಡುತ್ತಾನೆ. ದೇಹದ್ದೇ ಆಗಿದ್ದರೆ ಸುಮ್ಮನಿರಬೇಕು. ಸುಮ್ಮನಿರಲು ಕಲಿಸುವ ಶಾಲೆ ಎದೆಯೊಳಗಿನ ಥೈಮಸ್ ಗ್ರಂಥಿ. ಸ್ವಂತ ದೇಹದ ಚೂರುಗಳನ್ನು ಅಲ್ಲಿ ತೋರಿಸಿ, ಅವುಗಳ ಮೇಲೆ ಎಗರಿಬೀಳುವ ಟಿ ಕೋಶಗಳನ್ನು ಅಲ್ಲೇ ತೆಗೆದುಹಾಕಲಾಗುತ್ತದೆ.

ಎಲ್ಲರ ತಟ್ಟೆಯೂ ಒಂದೇ ಆಕಾರದ್ದಲ್ಲ. ತಂದೆಯಿಂದ ಒಂದು, ತಾಯಿಯಿಂದ ಒಂದು ಎಂಬಂತೆ ಪ್ರತಿಯೊಬ್ಬರಿಗೂ ಎರಡು ಜೊತೆ ತಟ್ಟೆಗಳು ಸಿಗುತ್ತವೆ. ಕೆಲವು ಆಕಾರದ ತಟ್ಟೆಗಳಲ್ಲಿ ಇನ್ಸುಲಿನ್ನಿನ ಚೂರು ಥೈಮಸ್ಸಿನಲ್ಲಿ ಸರಿಯಾಗಿ ಕೂರುವುದಿಲ್ಲ. ಪಾಠ ಅರೆಬರೆಯಾಗುತ್ತದೆ, ಅಪಾಯಕಾರಿ ಕಾವಲುಗಾರರು ಹೊರಗೆ ಬಂದುಬಿಡುತ್ತಾರೆ. ವಿಜ್ಞಾನಿಗಳು ಇಂದು ಒಪ್ಪುವ ವಿವರಣೆಗಳಲ್ಲಿ ಇದೂ ಒಂದು.

ಯುರೋಪಿನ ಜನರಲ್ಲಿ ಡಿಆರ್3 ಮತ್ತು ಡಿಆರ್4 ಎಂಬ ಎರಡು ಬಗೆಯ ತಟ್ಟೆಗಳು ಅಪಾಯದವು ಎಂದು 1970ರ ದಶಕದಿಂದ ಒಂದೊಂದಾಗಿ ತಿಳಿದುಬಂತು. ಅಲ್ಲಿ ಕಾಯಿಲೆ ಬಂದವರಲ್ಲಿ ಸುಮಾರು 90 ಶೇಕಡಾ ಮಂದಿಯಲ್ಲಿ ಇವೆರಡರಲ್ಲಿ ಒಂದಾದರೂ ಇರುತ್ತದೆ. ಎರಡೂ ಸೇರಿದರೆ, ಅಂದರೆ ಒಬ್ಬರಿಂದ ಡಿಆರ್3, ಇನ್ನೊಬ್ಬರಿಂದ ಡಿಆರ್4 ಬಂದರೆ, ಅಪಾಯ ಎಲ್ಲಕ್ಕಿಂತ ಹೆಚ್ಚು. ಇದಕ್ಕೆ ವಿರುದ್ಧವಾಗಿ ಡಿಕ್ಯೂ6 ಗುಂಪಿನ ಒಂದು ತಟ್ಟೆ ಕವಚದಂತೆ ಕೆಲಸ ಮಾಡುತ್ತದೆ. ಯುರೋಪಿನ ಸಾಮಾನ್ಯ ಜನರಲ್ಲಿ ಐವರಲ್ಲಿ ಒಬ್ಬರಿಗೆ ಅದು ಇದ್ದರೆ, ಕಾಯಿಲೆಯ ಮಕ್ಕಳಲ್ಲಿ ನೂರಕ್ಕೆ ಒಬ್ಬರಿಗೂ ಇರುವುದಿಲ್ಲ.

1987ರಲ್ಲಿ ಜಾನ್ ಟಾಡ್, ಜಾನ್ ಬೆಲ್ ಮತ್ತು ಹ್ಯೂ ಮ್ಯಾಕ್‌ಡೆವಿಟ್ ಎಂಬ ಸಂಶೋಧಕರು ಇನ್ನೂ ಸೂಕ್ಷ್ಮವಾದ ಒಂದು ಗುರುತು ಹಿಡಿದರು. ಡಿಕ್ಯೂ ತಟ್ಟೆಯ 57ನೇ ಸ್ಥಾನದಲ್ಲಿ ಆಸ್ಪಾರ್ಟಿಕ್ ಆಮ್ಲ ಎಂಬ ಅಮೈನೋ ಆಮ್ಲ ಇದ್ದರೆ ರಕ್ಷಣೆ, ಬೇರೇನಾದರೂ ಇದ್ದರೆ ಅಪಾಯ. ಎಷ್ಟು ಸರಳ! ಇಡೀ ಜಗತ್ತಿನ ಲೆಕ್ಕ ಒಂದೇ ಸೂತ್ರದಲ್ಲಿ ಬಿಡಿಸಿಬಿಟ್ಟೆವು ಎಂದು ಆಗ ಅನೇಕರಿಗೆ ಅನಿಸಿರಬೇಕು.

ಜಪಾನಿನಲ್ಲಿ ತಪ್ಪಿದ ಸೂತ್ರ

ಸೂತ್ರ ಜಪಾನಿನಲ್ಲಿ ನಿಲ್ಲಲಿಲ್ಲ. ಅಲ್ಲಿನ ರೋಗಿಗಳಲ್ಲಿ ಹೆಚ್ಚಾಗಿ ಕಾಣುವ ಎರಡು ತಟ್ಟೆಗಳಲ್ಲೂ 57ನೇ ಸ್ಥಾನದಲ್ಲಿ ಆಸ್ಪಾರ್ಟಿಕ್ ಆಮ್ಲವೇ ಇದೆ. ಯುರೋಪಿನ ಲೆಕ್ಕದಲ್ಲಿ ಅವರು ಸುರಕ್ಷಿತರಾಗಿರಬೇಕಿತ್ತು. ಡಿಆರ್3 ಅಂತೂ ಜಪಾನೀಯರಲ್ಲಿ ಇಲ್ಲವೇ ಇಲ್ಲ ಎನ್ನುವಷ್ಟು ವಿರಳ. ಡಿಆರ್4 ಬೇಕಾದಷ್ಟಿದೆ. ಆದರೆ ಡಿಆರ್4 ಎಂಬುದು ಒಂದು ಮನೆತನದ ಹೆಸರಿದ್ದಂತೆ, ಅದರೊಳಗೆ ಅಣ್ಣತಮ್ಮಂದಿರು ಹಲವರು, ಗುಣ ಬೇರೆ ಬೇರೆ. ಯುರೋಪಿನಲ್ಲಿ ಅಪಾಯ ತರುವ ಡಿಕ್ಯೂ8 ತಟ್ಟೆ ಜಪಾನಿನಲ್ಲಿ ಹೆಚ್ಚಾಗಿ ಡಿಆರ್4ರ ರಕ್ಷಕ ಬಗೆಯೊಂದರ ಜೊತೆ ಸೇರಿಕೊಂಡು ಬರುತ್ತದೆ. ಹಾಗಾಗಿ ಅಲ್ಲಿ ಅದರ ಹಲ್ಲು ಮುರಿದಂತಾಗಿದೆ. ಅವರಿಗೆ ಅಪಾಯ ತರುವುದು ಡಿಆರ್4ರ ಇನ್ನೊಂದು ಬಗೆ ಮತ್ತು ಡಿಆರ್9.

ಇನ್ನೂ ಒಂದು ವಿಚಿತ್ರ. ಹನ್ನೊಂದನೇ ವರ್ಣತಂತಿನಲ್ಲಿರುವ ಇನ್ಸುಲಿನ್ ವಂಶವಾಹಿಯ ಪಕ್ಕದಲ್ಲಿ ಒಂದೇ ಅಕ್ಷರಮಾಲೆ ಮತ್ತೆ ಮತ್ತೆ ಬರುವ ತುಣುಕಿದೆ. ಅದು ಗಿಡ್ಡವಾಗಿದ್ದರೆ ಥೈಮಸ್ಸಿನಲ್ಲಿ ಇನ್ಸುಲಿನ್ ಕಡಿಮೆ ತಯಾರಾಗುತ್ತದೆ, ಪಾಠ ಕೆಡುತ್ತದೆ, ಅಪಾಯ ಏರುತ್ತದೆ. ಈ ಗಿಡ್ಡ ರೂಪ ಜಪಾನೀಯರಲ್ಲಿ ಬಹುಪಾಲು ಎಲ್ಲರಿಗೂ ಇದೆ, ಯುರೋಪಿನವರಿಗಿಂತ ಹೆಚ್ಚು. ಆದರೂ ಕಾಯಿಲೆ ಕಡಿಮೆ. ಅಪಾಯದ ವಂಶವಾಹಿ ಒಂದು ಇದ್ದಮಾತ್ರಕ್ಕೆ ಕಾಯಿಲೆ ಬರುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ? ಬಿಳಿ ರಕ್ತಕಣಗಳಿಗೆ ಸಂಬಂಧಿಸಿದ ಪಿಟಿಪಿಎನ್22 ಎಂಬ ಮತ್ತೊಂದು ವಂಶವಾಹಿಯ ಅಪಾಯಕಾರಿ ರೂಪ ಉತ್ತರ ಯುರೋಪಿನಲ್ಲಿ ಸಾಮಾನ್ಯ, ದಕ್ಷಿಣಕ್ಕೆ ಬಂದಂತೆ ಕಡಿಮೆ, ಪೂರ್ವ ಏಷ್ಯಾ ಮತ್ತು ಆಫ್ರಿಕದ ಜನರಲ್ಲಿ ಇಲ್ಲವೆನ್ನುವಷ್ಟು ಅಪರೂಪ. ಹೀಗೆ ಇಂದು 60ಕ್ಕೂ ಹೆಚ್ಚು ಜಾಗಗಳು ಗೊತ್ತಾಗಿವೆ. ಒಂದೊಂದರ ಪಾಲೂ ಚಿಕ್ಕದು, ಒಂದೊಂದು ಜನಾಂಗದಲ್ಲೂ ಅವುಗಳ ಕೂಡುವಿಕೆ ಬೇರೆ.

ಆಫ್ರಿಕದ ಜನರಲ್ಲಿ ಡಿಆರ್3ಗೇ ಎರಡು ಮುಖ. ಒಂದು ರೂಪ ಯುರೋಪಿನಂತೆ ಅಪಾಯದ್ದು, ಆಫ್ರಿಕಕ್ಕೆ ವಿಶಿಷ್ಟವಾದ ಇನ್ನೊಂದು ರೂಪ ರಕ್ಷಕ. ಹಳೆಯ ಪರೀಕ್ಷೆಯಲ್ಲಿ ಎರಡಕ್ಕೂ ಒಂದೇ ಹೆಸರು ಬರುತ್ತಿತ್ತು. ಯುರೋಪಿನವರಲ್ಲಿ ಕಾಪಾಡುವ ಡಿಆರ್7 ಆಫ್ರಿಕದ ಒಂದು ಜೋಡಣೆಯಲ್ಲಿ ಅಪಾಯಕಾರಿ. ಹಾಗಾಗಿಯೇ ಅಮೆರಿಕದ ಸಂಶೋಧಕರು 2019ರಲ್ಲಿ ಆಫ್ರಿಕ ಮೂಲದವರಿಗಾಗಿಯೇ ಪ್ರತ್ಯೇಕ ಅಂಕಪಟ್ಟಿಯೊಂದನ್ನು ತಯಾರಿಸಬೇಕಾಯಿತು.

ರೋಮಿಗೆ ಬಂದ ಸಾರ್ಡೀನಿಯದವರು, ಬ್ರಾಡ್‌ಫರ್ಡಿಗೆ ಹೋದ ನಮ್ಮ ನೆರೆಯವರು

ವಂಶವೋ ನೆಲವೋ ಎಂದು ತೂಗಿ ನೋಡಲು ಒಳ್ಳೆಯ ದಾರಿ, ಊರು ಬಿಟ್ಟು ಹೋದವರನ್ನು ನೋಡುವುದು. ವಲಸೆ ನಮ್ಮ ಕರಾವಳಿಗೆ ಹೊಸದಲ್ಲವಾದ್ದರಿಂದ ಈ ಭಾಗವನ್ನು ಸ್ವಲ್ಪ ವಿವರವಾಗಿ ಹೇಳುತ್ತೇವೆ.

ಸಾರ್ಡೀನಿಯ ಶತಮಾನಗಳ ಕಾಲ ಹೊರಗಿನವರ ಜೊತೆ ಹೆಚ್ಚು ಬೆರೆಯದ ದ್ವೀಪ. ಅಲ್ಲಿನವರಲ್ಲಿ ಡಿಆರ್3 ತುಂಬ ಹೆಚ್ಚು. ಎರಡನೇ ಮಹಾಯುದ್ಧದ ನಂತರ ಅಲ್ಲಿಂದ ಅನೇಕ ಕುಟುಂಬಗಳು ಕೆಲಸ ಹುಡುಕಿಕೊಂಡು ಇಟಲಿಯ ಒಳನಾಡಿಗೆ ಹೋದವು. ರೋಮ್ ನಗರ ಇರುವ ಲಾಟ್ಸಿಯೊ ಪ್ರಾಂತ್ಯದಲ್ಲೇ ಹುಟ್ಟಿದ ಇಂತಹ ಕುಟುಂಬಗಳ ಮಕ್ಕಳನ್ನು ಸಂಶೋಧಕರು ಗಮನಿಸಿದರು. 1997ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ತಂದೆತಾಯಿ ಇಬ್ಬರೂ ಸಾರ್ಡೀನಿಯದವರಾದರೆ ಮಗುವಿನ ಅಪಾಯ ದ್ವೀಪದ ಮಕ್ಕಳದ್ದಕ್ಕೆ ಹತ್ತಿರ, ಅಂದರೆ ಸುತ್ತಲಿನ ರೋಮಿನ ಮಕ್ಕಳಿಗಿಂತ ಸುಮಾರು ನಾಲ್ಕು ಪಟ್ಟು. ಒಬ್ಬರು ಮಾತ್ರ ಸಾರ್ಡೀನಿಯದವರಾದರೆ ಅದರ ಸುಮಾರು ಅರ್ಧ. ನೀರು, ಗಾಳಿ, ಊಟ, ಶಾಲೆ ಎಲ್ಲ ರೋಮಿನದೇ. ಆದರೂ ವಂಶ ತನ್ನ ಜೊತೆ ತಂದದ್ದನ್ನು ಬಿಟ್ಟುಕೊಡಲಿಲ್ಲ.

ಇಷ್ಟೇ ಓದಿದರೆ ಎಲ್ಲವೂ ವಂಶವೇ ಎಂದುಕೊಳ್ಳಬಹುದು. ಆದರೆ ಫಿನ್ಲೆಂಡಿನ ಪೂರ್ವ ಗಡಿಯ ಕಥೆ ಇದಕ್ಕೆ ಪೂರ್ತಿ ವಿರುದ್ಧ. ಗಡಿಯ ಆಚೆ ರಷ್ಯಾಕ್ಕೆ ಸೇರಿದ ಕರೇಲಿಯ ಪ್ರದೇಶ. ಎರಡೂ ಕಡೆ ಅದೇ ಚಳಿ, ಅದೇ ಕಾಡು, ಅದೇ ಕೆರೆಗಳು. 1990ರಿಂದ 1999ರವರೆಗಿನ ಲೆಕ್ಕದಂತೆ ಫಿನ್ಲೆಂಡಿನಲ್ಲಿ ವರ್ಷಕ್ಕೆ ಲಕ್ಷಕ್ಕೆ 41.4 ಮಕ್ಕಳಿಗೆ ಕಾಯಿಲೆ ಬಂದರೆ ಕರೇಲಿಯದಲ್ಲಿ 7.4 ಮಕ್ಕಳಿಗೆ ಮಾತ್ರ. ಸುಮಾರು ಆರು ಪಟ್ಟು ಅಂತರ. ಅಪಾಯದ ಎಚ್‌ಎಲ್‌ಎ ತಟ್ಟೆಗಳು ಎರಡೂ ಕಡೆಯ ಜನರಲ್ಲಿ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿವೆ ಎಂದೂ ತಿಳಿಯಿತು. ಬೇರೆಯಾಗಿದ್ದದ್ದು ಬದುಕಿನ ರೀತಿ. ಒಂದು ಕಡೆ ಶ್ರೀಮಂತ, ತೊಳೆದಿಟ್ಟಂತಹ ಮನೆಗಳು. ಇನ್ನೊಂದು ಕಡೆ ಬಡತನ, ಸೋಂಕುಗಳು ಹೆಚ್ಚು, ಕರುಳಿನ ಸೂಕ್ಷ್ಮಾಣುಗಳೂ ಬೇರೆ. ಬಾಲ್ಯದಲ್ಲಿ ಸೂಕ್ಷ್ಮಾಣುಗಳ ಪರಿಚಯ ಸಾಕಷ್ಟು ಆಗದಿದ್ದರೆ ರೋಗನಿರೋಧಕ ವ್ಯವಸ್ಥೆ ಸರಿಯಾಗಿ ಪಳಗುವುದಿಲ್ಲ ಎಂಬ ವಾದಕ್ಕೆ ಇಲ್ಲಿಂದ ಬಲ ಬಂತು. ಹಾಗೆಂದು ಮಗುವನ್ನು ಕೊಳಕಿನಲ್ಲಿ ಬಿಡಿ ಎಂದು ಯಾರೂ ಅರ್ಥ ಮಾಡಿಕೊಳ್ಳಬಾರದು. ಆ ಸೋಂಕುಗಳು ಕೊಲ್ಲುವ ಮಕ್ಕಳ ಲೆಕ್ಕ ಬೇರೆಯೇ ಇದೆ.

ಫಿನ್ಲೆಂಡಿನ ಒಳಗೇ ನೋಡಿದರೂ 1980ರ ಸುಮಾರಿಗೆ ಲಕ್ಷಕ್ಕೆ 30ರ ಆಸುಪಾಸಿನಲ್ಲಿದ್ದ ಸಂಖ್ಯೆ 2005ರ ಹೊತ್ತಿಗೆ 60 ದಾಟಿತು. ಒಂದೇ ತಲೆಮಾರಿನಲ್ಲಿ ಯಾವ ಜನರ ವಂಶವಾಹಿಯೂ ಹೀಗೆ ಬದಲಾಗುವುದಿಲ್ಲ.

ನಮಗೆ ಹತ್ತಿರದ ಉದಾಹರಣೆ ಇಂಗ್ಲೆಂಡಿನ ಬ್ರಾಡ್‌ಫರ್ಡ್ ಪಟ್ಟಣದ್ದು. ಬಟ್ಟೆ ಗಿರಣಿಗಳ ಕೆಲಸಕ್ಕೆಂದು ಅಲ್ಲಿಗೆ ನಮ್ಮ ಉಪಖಂಡದಿಂದ, ಮುಖ್ಯವಾಗಿ ಪಾಕಿಸ್ತಾನದಿಂದ, ಸಾವಿರಾರು ಕುಟುಂಬಗಳು ಹೋಗಿ ನೆಲೆಸಿದವು. ಈ ಕುಟುಂಬಗಳ ಮಕ್ಕಳಲ್ಲಿ 1978ರಿಂದ 1981ರ ನಡುವೆ ಕಾಯಿಲೆಯ ಪ್ರಮಾಣ ವರ್ಷಕ್ಕೆ ಲಕ್ಷಕ್ಕೆ 3.1 ಇತ್ತು. 1988ರಿಂದ 1990ರ ಹೊತ್ತಿಗೆ ಅದು 11.7 ಆಯಿತು. ಹತ್ತೇ ವರ್ಷಗಳಲ್ಲಿ ಸುಮಾರು ನಾಲ್ಕು ಪಟ್ಟಾಗಿ, ಸ್ಥಳೀಯ ಬಿಳಿಯ ಮಕ್ಕಳ ಪ್ರಮಾಣದ ಹತ್ತಿರಕ್ಕೆ ಬಂತು. ‘ನಮ್ಮವರಿಗೆ ಬರುವುದಿಲ್ಲ’ ಎಂಬ ಮಾತಿಗೆ ಉತ್ತರ ಇಲ್ಲಿದೆ. ಬರಬಲ್ಲ ವಂಶವಾಹಿ ನಮ್ಮಲ್ಲೂ ಇದೆ. ಅದನ್ನು ಎಬ್ಬಿಸುವ ಸಂಗತಿಗಳು ಊರಿಂದ ಊರಿಗೆ, ಕಾಲದಿಂದ ಕಾಲಕ್ಕೆ ಬೇರೆ. ಲಂಡನ್, ಟೊರಾಂಟೊ, ಮೆಲ್ಬರ್ನ್‌ಗಳಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ನಮ್ಮ ಕುಟುಂಬಗಳು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ನಮ್ಮ ನಾಡಿನ ಲೆಕ್ಕ

ಕರ್ನಾಟಕದಲ್ಲಿ 1995ರಿಂದ ಬೆಂಗಳೂರಿನ ವೈದ್ಯರು ನಡೆಸಿದ ನೋಂದಣಿಯ 13 ವರ್ಷಗಳ ಮಾಹಿತಿಯಂತೆ ವರ್ಷಕ್ಕೆ ಲಕ್ಷ ಗಂಡುಮಕ್ಕಳಲ್ಲಿ 3.7, ಲಕ್ಷ ಹೆಣ್ಣುಮಕ್ಕಳಲ್ಲಿ 4 ಮಂದಿಗೆ ಟೈಪ್ 1 ಬರುತ್ತಿತ್ತು. ಚೆನ್ನೈ ನಗರದಲ್ಲಿ 1990ರ ದಶಕದ ಮೊದಲ ಭಾಗದಲ್ಲಿ ನಡೆದ ಅಧ್ಯಯನದಲ್ಲಿ ಇದು 10.5. ಫಿನ್ಲೆಂಡಿನ ಪಕ್ಕದಲ್ಲಿಟ್ಟರೆ ಸಣ್ಣ ಸಂಖ್ಯೆಗಳೇ. ಆದರೆ ನಮ್ಮ ದೇಶದಲ್ಲಿ ಮಕ್ಕಳ ಸಂಖ್ಯೆಯೇ ದೊಡ್ಡದು. ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟದ 2021ರ ಅಂದಾಜಿನಲ್ಲಿ, 20 ವರ್ಷದೊಳಗಿನ ಟೈಪ್ 1 ರೋಗಿಗಳು ಭಾರತದಲ್ಲಿ ಎರಡು ಲಕ್ಷಕ್ಕೂ ಹೆಚ್ಚು, ಜಗತ್ತಿನಲ್ಲೇ ಅತಿ ಹೆಚ್ಚು.

ಭಾರತೀಯರ ಅಪಾಯದ ತಟ್ಟೆ ಮುಖ್ಯವಾಗಿ ಡಿಆರ್3. ಡಿಆರ್4ರ ಪಾಲು ಇಲ್ಲಿ ಯುರೋಪಿನಷ್ಟಿಲ್ಲ. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ ನರೀಂದರ್ ಮೆಹ್ರಾ ಮತ್ತು ಅವರ ಸಂಗಡಿಗರು ಉತ್ತರ ಭಾರತೀಯರಲ್ಲಿ ಈ ಡಿಆರ್3ನ್ನು ಬಿಡಿಸಿ ನೋಡಿದಾಗ, ಅದರ ಅಕ್ಕಪಕ್ಕದ ವಂಶವಾಹಿಗಳ ಸಾಲು ಯುರೋಪಿನವರದ್ದಕ್ಕಿಂತ ಬೇರೆಯಾಗಿರುವುದು ಕಂಡಿತು. ಅಪಾಯ ಒಂದೇ, ಅದು ಬಂದ ದಾರಿ ನಮ್ಮದೇ.

ಇಷ್ಟೆಲ್ಲ ಸೂಕ್ಷ್ಮ ನಮಗೇಕೆ ಎಂದು ಓದುಗರು ಕೇಳಬಹುದು. ಕಾರಣ ಇದೆ. ವಂಶವಾಹಿಗಳನ್ನು ಪರೀಕ್ಷಿಸಿ ಅಂಕ ಕೊಟ್ಟು, ಈ ರೋಗಿಗೆ ಇರುವುದು ಟೈಪ್ 1ಓ ಟೈಪ್ 2ಓ ಎಂದು ಬೇರ್ಪಡಿಸುವ ವಿಧಾನವನ್ನು ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದವರು ಬೆಳೆಸಿದ್ದಾರೆ. ಅದು ತಯಾರಾದದ್ದು ಯುರೋಪಿನವರ ಮಾಹಿತಿಯಿಂದ. ನಮಗೆ ಹೊಂದುತ್ತದೆಯೇ? ಪುಣೆಯ ಕೆಇಎಂ ಆಸ್ಪತ್ರೆ ಮತ್ತು ಹೈದರಾಬಾದಿನ ಸಿಸಿಎಂಬಿ ಸಂಸ್ಥೆ ಎಕ್ಸೆಟರ್ ಜೊತೆ ಸೇರಿ ಪುಣೆಯ ರೋಗಿಗಳಲ್ಲಿ ಇದನ್ನು ಪರೀಕ್ಷಿಸಿ 2020ರಲ್ಲಿ ಫಲಿತಾಂಶ ಪ್ರಕಟಿಸಿದವು. ಟೈಪ್ 1 ಇರುವ ಒಬ್ಬ, ಟೈಪ್ 2 ಇರುವ ಒಬ್ಬ ಹೀಗೆ ನೂರು ಜೋಡಿ ಮಾಡಿದರೆ, ಯುರೋಪಿನವರಲ್ಲಿ 87 ಜೋಡಿಗಳಲ್ಲಿ ಅಂಕ ಸರಿಯಾಗಿ ಬೇರ್ಪಡಿಸುತ್ತದೆ, ಭಾರತೀಯರಲ್ಲಿ 84ರಲ್ಲಿ. ಪರವಾಗಿಲ್ಲ, ಸಮಾಧಾನದ ಸಂಗತಿಯೇ. ಆದರೆ ಅಪಾಯ ಎನ್ನಲು ಎಷ್ಟು ಅಂಕ ದಾಟಬೇಕು ಎಂಬ ಗೆರೆಯನ್ನು ಯುರೋಪಿನಿಂದ ಹಾಗೆಯೇ ತಂದು ಇಲ್ಲಿ ಎಳೆಯುವುದು ಸರಿಯಾಗದು.

ಈ ಬೇರ್ಪಡಿಸುವಿಕೆ ಬರಿಯ ಪುಸ್ತಕದ ವಿಷಯವಲ್ಲ. ಭಾರತದಲ್ಲಿ ಮಧುಮೇಹ ಬಂದ ತೆಳ್ಳಗಿನ ಯುವಕರೆಲ್ಲ ಟೈಪ್ 1 ಅಲ್ಲ. ಬಾಲ್ಯದ ಅಪೌಷ್ಟಿಕತೆಯಿಂದ ಬರುವ ಮಧುಮೇಹವನ್ನು ಅಂತರರಾಷ್ಟ್ರೀಯ ಒಕ್ಕೂಟ 2025ರಲ್ಲಿ ‘ಟೈಪ್ 5’ ಎಂದು ಹೆಸರಿಸಿತು. ನಮ್ಮ ನೆರೆಯ ಕೇರಳದಲ್ಲಿ ಮೇದೋಜೀರಕ ಗ್ರಂಥಿಯಲ್ಲಿ ಕಲ್ಲುಗಳಾಗಿ ಬರುವ ಮಧುಮೇಹ ಬಹಳ ಹಿಂದಿನಿಂದಲೂ ವೈದ್ಯರಿಗೆ ಪರಿಚಿತ. ಆಫ್ರಿಕದ ಕ್ಯಾಮರೂನ್, ಉಗಾಂಡ ಮತ್ತು ದಕ್ಷಿಣ ಆಫ್ರಿಕಗಳಲ್ಲಿ ಟೈಪ್ 1 ಎಂದು ಚಿಕಿತ್ಸೆ ಪಡೆಯುತ್ತಿದ್ದ ಸುಮಾರು 900 ಯುವಜನರನ್ನು ಪರೀಕ್ಷಿಸಿ 2025ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನೂರಕ್ಕೆ 65 ಮಂದಿಯಲ್ಲಿ ಟೈಪ್ 1ರ ಗುರುತಾದ ಪ್ರತಿಕಾಯಗಳೇ ಇರಲಿಲ್ಲ, ವಂಶವಾಹಿ ಅಂಕವೂ ಕಡಿಮೆ ಇತ್ತು. ಅವರಿಗೆ ಇದ್ದದ್ದು ಬೇರಾವುದೋ ಬಗೆ. ಇದಕ್ಕೆ ತಲೆಕೆಳಗಾದ ತಪ್ಪೂ ನಡೆಯುತ್ತದೆ. ಮೂವತ್ತು ದಾಟಿದವರಿಗೂ ಟೈಪ್ 1 ಬರುತ್ತದೆ. ಅವರನ್ನು ಟೈಪ್ 2 ಎಂದುಕೊಂಡು ಮಾತ್ರೆಯಲ್ಲೇ ಇಟ್ಟರೆ ಪ್ರಾಣಕ್ಕೆ ಸಂಚಕಾರ. ಸಂಶಯವಿದ್ದಾಗ ಪ್ರತಿಕಾಯ ಮತ್ತು ಸಿ-ಪೆಪ್ಟೈಡ್ ಪರೀಕ್ಷೆ ಮಾಡಿಸಲು ವೈದ್ಯರನ್ನು ಕೇಳಬಹುದು. ಪರೀಕ್ಷೆಯ ಫಲಿತಾಂಶ ಬರುವ ಮೊದಲು ಮಾತ್ರ ಯಾರೂ ಮಗುವಿನ ಇನ್ಸುಲಿನ್ ನಿಲ್ಲಿಸಬಾರದು.

ತಾಯಿಯ ಮೇಲಿನ ಆರೋಪ

ಈಗ ಮೊದಲಿನ ಮಾತಿಗೆ ಬರೋಣ. ಟೈಪ್ 1 ಪತ್ತೆಯಾದ ಮಕ್ಕಳಲ್ಲಿ ನೂರಕ್ಕೆ 85ರಿಂದ 90 ಮಂದಿಯ ಹತ್ತಿರದ ಸಂಬಂಧಿಕರಲ್ಲಿ ಯಾರಿಗೂ ಆ ಕಾಯಿಲೆ ಇರುವುದಿಲ್ಲ. ಅಂದರೆ ‘ನಮ್ಮ ಕುಟುಂಬದಲ್ಲಿ ಯಾರಿಗೂ ಇಲ್ಲ’ ಎಂಬುದು ಬಹುತೇಕ ಎಲ್ಲ ಮನೆಗಳ ಮಾತು. ಅಪಾಯದ ತಟ್ಟೆ ಇರುವವರಲ್ಲಿ ಬಹುಮಂದಿಗೆ ಕಾಯಿಲೆ ಬರುವುದೇ ಇಲ್ಲ. ತಾವು ಅದನ್ನು ಹೊತ್ತಿದ್ದೇವೆಂದು ತಿಳಿಯದೆಯೇ ಅವರು ಮಕ್ಕಳಿಗೆ ದಾಟಿಸುತ್ತಾರೆ, ತಂದೆಯೂ ತಾಯಿಯೂ.

ಹಾಗೆ ನೋಡಿದರೆ, ಟೈಪ್ 1 ಇರುವ ತಾಯಿಯಿಂದ ಮಗುವಿಗೆ ಬರುವ ಸಾಧ್ಯತೆ ನೂರಕ್ಕೆ 2ರಿಂದ 4, ತಂದೆಗಿದ್ದರೆ 5ರಿಂದ 8. ತಂದೆಯಿಂದಲೇ ಹೆಚ್ಚು. ಕಾರಣ ಇನ್ನೂ ಪೂರ್ತಿ ಬಿಡಿಸಿಲ್ಲವಾದರೂ ಈ ವ್ಯತ್ಯಾಸ ಹಲವು ದೇಶಗಳಲ್ಲಿ ಕಂಡಿದೆ. ಒಡಹುಟ್ಟಿದವರಿಗೆ ಇದ್ದರೆ ಸುಮಾರು 6. ಇವು ಯುರೋಪ್ ಮತ್ತು ಅಮೆರಿಕದ ಕುಟುಂಬಗಳ ಲೆಕ್ಕ. ಎಲ್ಲ ವಂಶವಾಹಿಗಳೂ ಒಂದೇ ಆಗಿರುವ ಅವಳಿಗಳಲ್ಲಿ ಒಬ್ಬರಿಗೆ ಬಂದರೆ ಇನ್ನೊಬ್ಬರಿಗೆ ಬರುವುದು ನೂರಕ್ಕೆ 30ರಿಂದ 50 ಜೋಡಿಗಳಲ್ಲಿ. 60 ವರ್ಷ ವಯಸ್ಸಿನವರೆಗೆ ಕಾದು ನೋಡಿದರೆ 65. ಉಳಿದವರು ಅದೇ ವಂಶವಾಹಿಗಳನ್ನು ಹೊತ್ತು ಆರೋಗ್ಯವಾಗಿಯೇ ಇದ್ದಾರೆ. ಸಿಹಿ ತಿಂದದ್ದಕ್ಕೂ ಟೈಪ್ 1 ಶುರುವಾಗುವುದಕ್ಕೂ ಸಂಬಂಧವಿಲ್ಲ ಎಂಬುದನ್ನು ಇನ್ನೊಮ್ಮೆ ಹೇಳಿಬಿಡುತ್ತೇವೆ.

ಈ ಅಂಕಿಗಳು ಇನ್ನೊಂದು ಕಡೆಯೂ ಬೇಕಾಗುತ್ತವೆ. ಮಗಳ ಕಾಯಿಲೆಯನ್ನು ಮುಚ್ಚಿಟ್ಟು ಮದುವೆ ಮಾಡುವುದು, ಮದುವೆಯಾದ ಮೇಲೆ ಅತ್ತೆಮನೆಯವರ ಕಣ್ಣು ತಪ್ಪಿಸಿ ಅವಳು ಬಚ್ಚಲುಮನೆಯಲ್ಲಿ ಇನ್ಸುಲಿನ್ ಚುಚ್ಚಿಕೊಳ್ಳುವುದು ನಮ್ಮಲ್ಲಿ ಇಲ್ಲದ ಸಂಗತಿಯಲ್ಲ. ಡೋಸ್ ತಪ್ಪುವುದು, ಸಕ್ಕರೆ ಇಳಿದು ಎಚ್ಚರ ತಪ್ಪಿದಾಗ ಪಕ್ಕದಲ್ಲಿದ್ದವರಿಗೆ ಏನೆಂದೇ ಗೊತ್ತಾಗದಿರುವುದು ಇದರ ಫಲ. ಸರಿಯಾಗಿ ನೋಡಿಕೊಂಡರೆ ಅವಳು ಓದಬಹುದು, ದುಡಿಯಬಹುದು, ಮದುವೆಯಾಗಿ ಮಕ್ಕಳನ್ನೂ ಹೆರಬಹುದು. ಆ ಮಕ್ಕಳಲ್ಲಿ ನೂರಕ್ಕೆ 96ಕ್ಕೂ ಹೆಚ್ಚು ಮಂದಿಗೆ ಈ ಕಾಯಿಲೆ ಬರುವುದಿಲ್ಲ.

ಮುಂಚಿತವಾಗಿ ತಿಳಿಯಲು ದಾರಿ ಇದೆಯೇ ಎಂದರೆ, ಇದೆ. ಫಿನ್ಲೆಂಡ್, ಜರ್ಮನಿ ಮತ್ತು ಅಮೆರಿಕದ ಮಕ್ಕಳನ್ನು ಹಲವು ವರ್ಷ ಗಮನಿಸಿದ ಅಧ್ಯಯನದಂತೆ, ರಕ್ತದಲ್ಲಿ ಎರಡು ಅಥವಾ ಹೆಚ್ಚು ಬಗೆಯ ಪ್ರತಿಕಾಯಗಳು ಕಾಣಿಸಿಕೊಂಡ ಮಕ್ಕಳಲ್ಲಿ ನೂರಕ್ಕೆ ಸುಮಾರು 70 ಮಂದಿಗೆ ಹತ್ತು ವರ್ಷಗಳಲ್ಲಿ ಕಾಯಿಲೆ ಬರುತ್ತದೆ. ಹಾಗೆ ಪತ್ತೆಯಾದವರಲ್ಲಿ ಕಾಯಿಲೆಯನ್ನು ಎರಡು ವರ್ಷಗಳಷ್ಟು ಮುಂದೂಡುವ ಟೆಪ್ಲಿಜುಮ್ಯಾಬ್ ಎಂಬ ಔಷಧಿಗೆ ಅಮೆರಿಕ 2022ರಲ್ಲಿ ಅನುಮತಿ ಕೊಟ್ಟಿತು. ಬೆಲೆ ಸಾಮಾನ್ಯ ಕುಟುಂಬದ ಕೈಗೆಟಕುವಂಥದ್ದಲ್ಲ. ತಡೆಯುವ ಔಷಧಿ ಇನ್ನೂ ಇಲ್ಲ.

ಹಾಗಾಗಿ ಸದ್ಯಕ್ಕೆ ಮನೆಯವರ ಕಣ್ಣೇ ಮುಖ್ಯ. ಮಗು ವಿಪರೀತ ನೀರು ಕುಡಿಯುತ್ತಿದೆ, ಪದೇ ಪದೇ ಮೂತ್ರಕ್ಕೆ ಹೋಗುತ್ತಿದೆ, ರಾತ್ರಿ ಹಾಸಿಗೆ ಒದ್ದೆ ಮಾಡುವುದನ್ನು ಬಿಟ್ಟಿದ್ದ ಮಗು ಮತ್ತೆ ಶುರುಮಾಡಿದೆ, ಮೂತ್ರಕ್ಕೆ ಇರುವೆ ಮುತ್ತುತ್ತಿದೆ, ಚೆನ್ನಾಗಿ ತಿಂದರೂ ಸೊರಗುತ್ತಿದೆ ಎಂದಾದರೆ ಅದೇ ದಿನ ಸಕ್ಕರೆ ಪರೀಕ್ಷೆ ಮಾಡಿಸಬೇಕು. ವಾಂತಿ, ಹೊಟ್ಟೆನೋವು, ಏದುಸಿರು, ಬಾಯಲ್ಲಿ ಹಣ್ಣಿನಂತಹ ವಾಸನೆ, ಮಂಪರು ಶುರುವಾದರೆ ಗಂಟೆಗಳ ಲೆಕ್ಕ. ಮಳೆಗಾಲದಲ್ಲಿ ಇದನ್ನು ಹೊಟ್ಟೆಯ ಸೋಂಕೋ ಡೆಂಗಿಯೋ ಮಲೇರಿಯವೋ ಎಂದುಕೊಂಡು ಗ್ಲೂಕೋಸ್ ಡ್ರಿಪ್ ಏರಿಸಿದರೆ ಸ್ಥಿತಿ ಇನ್ನಷ್ಟು ಕೆಡುತ್ತದೆ. ಗ್ಲೂಕೋಮೀಟರ್ ಇಂದು ಸಣ್ಣ ಕ್ಲಿನಿಕ್‌ಗಳಲ್ಲೂ ಇದೆ, ಅಜ್ಜನ ಮೇಜಿನ ಮೇಲೂ ಇದೆ. ಪರೀಕ್ಷೆಗೆ ಒಂದು ನಿಮಿಷವೂ ಬೇಡ. ಅಜ್ಜನ ಯಂತ್ರದಲ್ಲಿ ಮೊಮ್ಮಗುವಿನ ಸಕ್ಕರೆ 200 ದಾಟಿದ್ದು ಕಂಡರೆ, ಮರುದಿನ ನೋಡೋಣ ಎನ್ನದೆ ಮಗುವನ್ನು ಆಗಲೇ ಆಸ್ಪತ್ರೆಗೆ ಕರೆದೊಯ್ಯಬೇಕು.